ಎರಡು ಬಿಂದಿಗೆ ನೀರು

ಬೆಳಗ್ಗೆ ಎಂಟು ಗಂಟೆಗೆ ಮಿಷಿನ್ನನ್ನು ಎಬ್ಬಿಸುವುದು ನನ್ನ ಕೆಲಸವಾಗಿತ್ತು. ಎಬ್ಬಿಸುವುದು ಅಂತ ಬೇಕೆಂದೇ ಹೇಳುತ್ತಿದ್ದೇನೆ. ಸ್ವಿಚ್ಚು ಒತ್ತಿದ ಕೂಡಲೇ ಹತ್ತಿಕೊಳ್ಳುವ ಬಲ್ಬಲ್ಲ ಅದು. ಮೊದಲು ಗೋಡೆಯ ಮೇಲಿನ ದೊಡ್ಡ ಸ್ವಿಚ್ಚು, ಆಮೇಲೆ ಫ್ಯಾನು, ಆಮೇಲೆ ಐದು ನಿಮಿಷ ಸುಮ್ಮನೆ ಕೂರುವುದು. ಅನಂತರ ಮುಂದಿನ ಹಲಗೆಯ ಹನ್ನೆರಡು ಸಣ್ಣ ಸ್ವಿಚ್ಚುಗಳನ್ನು ಪುಸ್ತಕದಲ್ಲಿ ಬರೆದ ಹಾಗೆ ಮೇಲೆ ಕೆಳಗೆ ಮಾಡಿ, ತೂತು ತೂತಾದ ಹಳದಿ ಕಾಗದದ ಸುರುಳಿಯನ್ನು ಅದರ ಬಾಯಿಗೆ ಕೊಡಬೇಕು. ಅದು ಸುರುಳಿಯನ್ನು ಕರಕರ ಎಳೆದುಕೊಂಡು, ತನ್ನ ಕೈಕಾಲು ನೆನಪು ಎಲ್ಲ ನೆಟ್ಟಗಿದೆಯೇ ಎಂದು ತಾನೇ ನೋಡಿಕೊಳ್ಳುತ್ತದೆ. ನೆಟ್ಟಗಿದ್ದರೆ ಹಸಿರು ದೀಪ. ಇಲ್ಲದಿದ್ದರೆ ಕೆಂಪು ದೀಪ, ಜೊತೆಗೆ ಕಾಗದದ ಮೇಲೆ ಟಪಟಪ ಅಂತ ಒಂದು ನಂಬರು. ಯಾವ ನಂಬರಿಗೆ ಯಾವ ರೋಗ ಎಂಬುದು ಪುಸ್ತಕದ ಕೊನೆಯಲ್ಲಿದೆ.

ಎಪ್ಪತ್ತೊಂಬತ್ತನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಎರಡು ವಾರ ನಾನು ಹಸಿರು ದೀಪದ ಮುಖ ನೋಡಲಿಲ್ಲ.

ನಮ್ಮದು ಮದ್ದೂರಿನಲ್ಲಿ ಮಳವಳ್ಳಿ ರಸ್ತೆಯ ಹಳೇ ಅಕ್ಕಿ ಗಿರಣಿಯೊಂದರಲ್ಲಿದ್ದ ಸಣ್ಣ ಕಚೇರಿ. ಯಾವ ನಾಲೆಗೆ ಎಷ್ಟು ದಿನ ನೀರು, ಯಾವ ಊರಿನ ಸರದಿ ಯಾವಾಗ ಎಂದು ಲೆಕ್ಕ ಹಾಕಿ ಪಟ್ಟಿ ಕಳಿಸುವುದು ಅದರ ಕೆಲಸ. ಅದಕ್ಕಾಗಿ ಸರ್ಕಾರ ಎಪ್ಪತ್ತೈದರಲ್ಲಿ ಒಂದು ಕಂಪ್ಯೂಟರು ಕೊಟ್ಟಿತ್ತು, ಎರಡು ಗಾಡ್ರೇಜು ಬೀರು ಪಕ್ಕಪಕ್ಕ ನಿಲ್ಲಿಸಿದಷ್ಟು ದೊಡ್ಡದು. ನಾನು, ಕಸ್ತೂರಿರಂಗ, ಅದಕ್ಕೆ ಮುಂಚೆ ಮಂಡ್ಯದಲ್ಲಿ ಹನ್ನೆರಡು ವರ್ಷ ರೇಡಿಯೋ ರಿಪೇರಿ ಮಾಡಿದವನು. ಮೂರು ವಾರ ತರಬೇತಿ ಕೊಟ್ಟು ನನ್ನನ್ನು ಅದರ ಮುಂದೆ ಕೂರಿಸಿದರು. ಸುತ್ತಮುತ್ತ ಅದರ ಹೊಟ್ಟೆಯೊಳಗೆ ಕೈ ಹಾಕಬಲ್ಲವನು ನಾನೊಬ್ಬನೇ. ಹೆಮ್ಮೆಗೆ ಹೇಳುತ್ತಿಲ್ಲ, ಹಾಳೂರಿಗೆ ಉಳಿದವನೇ ಗೌಡ.

ಮೊದಲ ದಿನ ಹದಿನಾಲ್ಕು ಅಂತ ಬಂತು. ಹದಿನಾಲ್ಕು ಅಂದರೆ ಮೆಮೊರಿ ಬೋರ್ಡು. ಬೋರ್ಡನ್ನು ಹೊರಗೆ ಎಳೆದು, ಅದರ ಹಿತ್ತಾಳೆ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಊದಿ, ಮತ್ತೆ ಕೂರಿಸಿದೆ. ಎಬ್ಬಿಸಿದೆ. ಇಪ್ಪತ್ತೊಂದು ಅಂತ ಬಂತು. ಅದು ಸುರುಳಿ ಓದುವ ಭಾಗ. ಅದನ್ನು ಬಿಚ್ಚಿ ಸ್ಪಿರಿಟ್ಟಿನಲ್ಲಿ ಒರೆಸಿದೆ. ಎಬ್ಬಿಸಿದೆ. ಏಳು ಅಂತ ಬಂತು. ಮಾರನೆಯ ದಿನ ಮತ್ತೆ ಹದಿನಾಲ್ಕು, ಮಧ್ಯಾಹ್ನಕ್ಕೆ ಮೂವತ್ತು. ಪ್ರತಿ ಸಲವೂ ಐದು ನಿಮಿಷ ಸುಮ್ಮನೆ ಕೂತು, ಹನ್ನೆರಡು ಸ್ವಿಚ್ಚು ಮೇಲೆ ಕೆಳಗೆ. ದಿನಕ್ಕೆ ಇಪ್ಪತ್ತು ಸಲ. ರಾತ್ರಿ ಊಟಕ್ಕೆ ಕೂತರೂ ಬೆರಳುಗಳು ಎಲೆಯ ಅಂಚನ್ನು ಮೇಲೆ ಕೆಳಗೆ ಮಾಡುತ್ತಿದ್ದವು. ನನ್ನ ಹೆಂಡತಿ ಪಂಕಜಮ್ಮ ಅದನ್ನು ನೋಡಿ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು.

ರೇಡಿಯೋ ರಿಪೇರಿ ಮಾಡಿದವನಿಗೆ ಒಂದು ವಿಷಯ ಗೊತ್ತಿರುತ್ತದೆ. ಒಂದೇ ಕಡೆ ನಿಲ್ಲುವ ರೋಗ ಆ ಕಡೆಯದು. ದಿನಕ್ಕೊಂದು ಕಡೆ ಓಡಾಡುವ ರೋಗ ಯಾವ ಬೋರ್ಡಿನದೂ ಅಲ್ಲ, ಅದು ಕೆಳಗಿನಿಂದ ಬರುತ್ತಿರುತ್ತದೆ. ನನಗೆ ಎರಡನೆಯ ದಿನವೇ ಅನುಮಾನ ಬಂದಿತ್ತು. ಬಂದ ಅನುಮಾನವನ್ನು ಬಾಯಿ ಮುಚ್ಚಿ ಮೂಲೆಯಲ್ಲಿ ಕೂರಿಸಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ ಬೋರ್ಡುಗಳನ್ನೇ ಉಜ್ಜುತ್ತ ಕೂತೆ. ಯಾಕೆ ಎಂದು ಹೇಳಬೇಕಾದರೆ ಸಣ್ಣತಾಯಮ್ಮನ ವಿಷಯ ಹೇಳಬೇಕು.

ಮಿಷಿನ್ನು ಬಂದಾಗ ಕಂಪೆನಿಯ ಇಂಜಿನಿಯರು ಕಚೇರಿಯ ಹಿಂದೆ, ಹೊಂಗೆ ಮರದ ಬುಡದಲ್ಲಿ, ಆಳುದ್ದದ ಗುಂಡಿ ತೋಡಿಸಿದ್ದರು. ಅದರೊಳಗೆ ತಾಮ್ರದ ತಗಡು, ಅದರ ಮೇಲೆ ಉಪ್ಪು ಇದ್ದಿಲು ಉಪ್ಪು ಇದ್ದಿಲು ಅಂತ ಪದರ ಪದರವಾಗಿ ತುಂಬಿಸಿ, ಮಣ್ಣು ಮುಚ್ಚಿ, ನೆಲದಿಂದ ಮೊಳದಷ್ಟು ಮೇಲೆ ಬರುವ ಹಾಗೆ ಒಂದು ಕಬ್ಬಿಣದ ಕೊಳವೆ ನಿಲ್ಲಿಸಿ, ಅದರ ಬಾಯಿಗೆ ಆಲಿಕೆ ಕೂರಿಸಿದರು. ಅರ್ಥಿಂಗು. ಮಿಷಿನ್ನಿನೊಳಗೆ ಅಡ್ಡಾದಿಡ್ಡಿ ಓಡಾಡುವ ಕರೆಂಟು ಆ ದಾರಿಯಲ್ಲಿ ನೆಲಕ್ಕೆ ಇಳಿದುಹೋಗಬೇಕು. ನೆಲ ತೇವವಾಗಿದ್ದರೆ ಮಾತ್ರ ಇಳಿಯುತ್ತದೆ. "ದಿನಾ ಎರಡು ಬಿಂದಿಗೆ ನೀರು ಹಾಕಬೇಕು. ಇದು ನಿಮ್ಮ ಕೆಲಸ," ಎಂದು ಹೇಳಿ, ಪುಸ್ತಕದಲ್ಲಿ ಆ ಪುಟದ ಮೂಲೆ ಮಡಿಸಿ ನನ್ನ ಕೈಗೆ ಕೊಟ್ಟು ಹೋದರು.

ಬಾವಿ ಇದ್ದದ್ದು ಹಿತ್ತಿಲ ಆಚೆ ತುದಿಯಲ್ಲಿ. ಮೂರು ದಿನ ಹೊತ್ತೆ. ಸೊಂಟ ಹಿಡಿಯಿತು. ನಾಲ್ಕನೆಯ ದಿನ ಕಸ ಗುಡಿಸುವ ಸಣ್ಣತಾಯಮ್ಮನನ್ನು ಕರೆದು, "ದಿನಾ ಇದಕ್ಕೆ ಎರಡು ಬಿಂದಿಗೆ ನೀರು ಹುಯ್ಯಮ್ಮ," ಅಂದೆ.

"ಏನ್ಕೆ ಅಯ್ನೋರೇ?" ಅಂದಳು.

ಏನಕ್ಕೆ ಎಂದು ಯಾರು ವಿವರಿಸುತ್ತ ಕೂರುತ್ತಾರೆ? ನನಗೆ ಮೊದಲೇ ತಾಳ್ಮೆ ಕಡಿಮೆ. "ಅಡಿಯಲ್ಲಿ ಮಿಷಿನ್ ದೇವರಿದೆ ಕಣಮ್ಮ. ನೀರು ತಪ್ಪಿದರೆ ಅದಕ್ಕೆ ಕೋಪ ಬರುತ್ತೆ," ಅಂದುಬಿಟ್ಟೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಆಯ್ತು ಬುಡಿ" ಎಂದು ಬಿಂದಿಗೆ ತೆಗೆದುಕೊಂಡು ಹೋದಳು.

ತಿಂಗಳೊಳಗೆ ಕೊಳವೆಗೆ ಅರಿಸಿನ ಬಂತು, ಕುಂಕುಮ ಬಂತು, ಆಲಿಕೆಯ ಸುತ್ತ ಕಣಗಿಲೆ ಹೂ ಬಂತು. ಗುಮಾಸ್ತ ಅಂಕಯ್ಯ ಅದಕ್ಕೆ ಕೊಳವೆಯಮ್ಮ ಅಂತ ಹೆಸರಿಟ್ಟ. ಅರ್ಜಿ ಹಿಡಿದು ಬಂದ ಹೆಂಗಸರೂ ಅದಕ್ಕೊಂದು ಸುತ್ತು ಬಂದು ಕೈ ಮುಗಿಯತೊಡಗಿದರು. ನಾನು ಒಳಗೊಳಗೇ ನಕ್ಕೆ. ಪಾಪ, ನಂಬಿಬಿಟ್ಟಿದ್ದಾಳೆ ಅಂದುಕೊಂಡೆ. ಒಂದೆರಡು ಸಲ ಬಿಟ್ಟರೆ ನಾಲ್ಕು ವರ್ಷ ಮಿಷಿನ್ನು ಚೆನ್ನಾಗಿ ಎದ್ದಿತು, ಹೆಸರು ನನಗೆ ಬಂತು.

ಆ ವರ್ಷದ ಜನವರಿಯಲ್ಲಿ ಹೊಸ ಆಫೀಸರು ಪುಟ್ಟರಾಜು ಬಂದರು. ಎಂ.ಎಸ್ಸಿ. ಓದಿದ ಚಿಕ್ಕ ವಯಸ್ಸಿನವರು, ಪ್ರಾಮಾಣಿಕರು. ಕಚೇರಿಯಲ್ಲಿ ಪೂಜೆ ಪುನಸ್ಕಾರ ಕಂಡರೆ ಮೈಯೆಲ್ಲ ಉರಿ. ಮಾರ್ಚಿನಲ್ಲಿ ಒಂದು ದಿನ ಹಿತ್ತಿಲ ಕಡೆ ಹೋದವರು, ಸಣ್ಣತಾಯಮ್ಮ ಅರಿಸಿನ ಬಳಿಯುತ್ತಿರುವುದನ್ನು ಕಂಡು ಕಿರುಚಿದರು. ನಾವೆಲ್ಲ ಓಡಿಹೋದೆವು.

"ವಿಜ್ಞಾನದ ಕಚೇರಿ ಇದು! ಯಾರು ನಿನ್ನ ತಲೆಗೆ ಇದನ್ನ ತುಂಬಿದ್ದು? ಹೆಸರು ಹೇಳು, ನಿನ್ನನ್ನ ಬಿಟ್ಟುಬಿಡ್ತೀನಿ," ಅಂದರು.

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಸಣ್ಣತಾಯಮ್ಮ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅದು ಅರ್ಥಿಂಗು, ನೀರು ಹುಯ್ಯುವುದು ನನ್ನ ಕೆಲಸ, ಸೋಮಾರಿತನದಿಂದ ಸುಳ್ಳು ಹೇಳಿ ಅವಳಿಗೆ ದಾಟಿಸಿದೆ ಎಂದು ಅಷ್ಟು ಜನರ ಮುಂದೆ ಹೇಗೆ ಹೇಳಲಿ?

"ಯಾರೂ ಯೇಳ್ನಿಲ್ಲ ಬುದ್ದಿ. ನಾನೇ ಮಾಡ್ಕಂಡೆ," ಅಂದಳು.

ಮಾರನೆಯ ದಿನದಿಂದ ಬರಬೇಡ ಎಂದರು. ಕೊಳವೆಯ ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿಸಿದರು. ಅಷ್ಟೇ ಆಗಿದ್ದರೆ ಬೇರೆ ಮಾತು. ಎಂಟು ವರ್ಷ ದಿನಗೂಲಿ ಮಾಡಿದವರನ್ನು ಖಾಯಂ ಮಾಡುವ ಪಟ್ಟಿ ಆ ಏಪ್ರಿಲ್ಲಿನಲ್ಲಿ ಬೆಂಗಳೂರಿಗೆ ಹೋಗುವುದಿತ್ತು. ನಮ್ಮ ಕಚೇರಿಯಿಂದ ಅವಳದೊಂದೇ ಹೆಸರು. ಐವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ, ಅವಳಿಗೆ ಆಗಲೇ ನಲವತ್ತೊಂಬತ್ತು. ಪುಟ್ಟರಾಜು ಆ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಇಟ್ಟರು.

ನಾನು ಸುಮ್ಮನಿದ್ದೆ. ಕೋಪ ಇಳಿಯಲಿ, ಸಮಯ ನೋಡಿ ಹೇಳೋಣ ಅಂದುಕೊಂಡೆ. ಸಮಯ ನೋಡಿ ನೋಡಿಯೇ ತಿಂಗಳಾಯಿತು. ನಾಲೆ ನಿಂತಿತ್ತು, ಬಿಸಿಲು ಹೊಂಗೆಯ ನೆರಳಿಗೂ ಇಳಿದಿತ್ತು, ಗುಂಡಿಯ ಸುತ್ತ ನೆಲ ಬಿರಿದಿತ್ತು. ಮಿಷಿನ್ನು ಮೊದಮೊದಲು ಎರಡು ಸಲಕ್ಕೆ ಎದ್ದಿತು, ಆಮೇಲೆ ಐದು ಸಲಕ್ಕೆ, ಆಮೇಲೆ ಏಳಲೇ ಇಲ್ಲ.

"ಕೊಳ್ವೆಯಮ್ಮ ಮುನಿಸ್ಕಂಡವ್ಳೆ ಕಣ್ರಪ್ಪ," ಎಂದು ಅಂಕಯ್ಯ ಮೆಲ್ಲಗೆ ಎಲ್ಲರ ಕಿವಿಯಲ್ಲೂ ಊದಿದ. ಅದು ಪುಟ್ಟರಾಜು ಕಿವಿಗೂ ಬಿತ್ತು. ಅವರ ಮುಖ ನೋಡಲಾಗುತ್ತಿರಲಿಲ್ಲ. ಈಗ ನಾನು ಹೋಗಿ ನೀರು ಹುಯ್ದರೆ ಮಿಷಿನ್ನು ಏಳುತ್ತದೆ ಅಂದರೆ ಅವರಿಗೆ ಹೇಗೆ ಕೇಳಿಸೀತು? ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ. ಸಿಕ್ಕಿಸಿಕೊಂಡವನೂ ನಾನೇ.

ಎರಡನೆಯ ವಾರದ ಗುರುವಾರ, ಎಲ್ಲರೂ ಊಟಕ್ಕೆ ಹೋದಾಗ, ತಡೆಯಲಾರದೆ ಒಂದು ಬಲ್ಬು ತೆಗೆದುಕೊಂಡೆ. ಅದಕ್ಕೆ ಎರಡು ತಂತಿ ಕಟ್ಟಿ, ಒಂದನ್ನು ಕರೆಂಟಿಗೂ ಇನ್ನೊಂದನ್ನು ಅರ್ಥಿಂಗಿನ ತಂತಿಗೂ ಮುಟ್ಟಿಸಿದೆ. ನೆಲ ಸರಿಯಿದ್ದರೆ ಆ ಬಲ್ಬು ಮನೆಯ ದೀಪದ ಹಾಗೆಯೇ ಉರಿಯಬೇಕು. ಉರಿಯಲಿಲ್ಲ. ಒಳಗಿನ ತಂತಿ ಆರುವ ಬೀಡಿಯಂತೆ ಕೆಂಪಗೆ ಕಂಡಿತು, ಅಷ್ಟೇ. ಇನ್ನು ನಾನು ಅನುಮಾನದ ಹೆಸರು ಹೇಳಿಕೊಂಡು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಬಲ್ಬನ್ನು ಜೇಬಿಗೆ ಹಾಕಿಕೊಂಡು, ಮತ್ತೆ ರಬ್ಬರು ಹಿಡಿದು ಬೋರ್ಡು ಉಜ್ಜುತ್ತ ಕೂತೆ.

ಶುಕ್ರವಾರ ಮಧ್ಯಾಹ್ನ ಪುಟ್ಟರಾಜು ತಾವೇ ಟೀ ಹಿಡಿದುಕೊಂಡು ಮಿಷಿನ್ ರೂಮಿಗೆ ಬಂದರು.

"ಅಯ್ಯಂಗಾರ್ರೇ, ನಿಮ್ಮ ತಪ್ಪಿಲ್ಲ ಅಂತ ನಾನೇ ಮೇಲಕ್ಕೆ ಬರೀತೀನಿ. ಮಂಗಳವಾರ ಕಂಪೆನಿಯೋರು ಬರ್ತಾರೆ, ನೋಡ್ಕೊಳ್ಳಲಿ," ಅಂದರು. ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು. "ಆ ಸಣ್ಣತಾಯಮ್ಮ ತಾನಾಗೇ ಅದನ್ನ ಮಾಡಿದಳು ಅಂತ ನನಗೆ ಯಾಕೋ ನಂಬಿಕೆ ಬರ್ತಿಲ್ಲ. ನಿಮಗೇನಾದರೂ ಗೊತ್ತೇನು?"

"ನನಗೇನು ಗೊತ್ತು ಸಾರ್," ಅಂದೆ. ಟೀ ಬಿಸಿಯಾಗಿತ್ತು, ಚೆನ್ನಾಗಿಯೂ ಇತ್ತು. ಕುಡಿದೆ.

ಭಾನುವಾರ ಸಣ್ಣತಾಯಮ್ಮನ ಊರು ಬೆಸಗರಹಳ್ಳಿಗೆ ಬಸ್ಸು ಹತ್ತಿದೆ. ಒಳ್ಳೆಯ ಬುದ್ಧಿ ಬಂದು ಹತ್ತಿದೆ ಅಂದುಕೊಳ್ಳಬೇಡಿ. ಮಂಗಳವಾರ ಬರುವ ಇಂಜಿನಿಯರು ಮೊದಲು ಆ ಗುಂಡಿಯನ್ನೇ ನೋಡುತ್ತಾನೆ, ಆಮೇಲೆ ಮೂಲೆ ಮಡಿಸಿದ ಪುಟವನ್ನು ನನ್ನ ಮುಖಕ್ಕೆ ಹಿಡಿಯುತ್ತಾನೆ. ಅಷ್ಟರೊಳಗೆ ಮಿಷಿನ್ನು ತಾನಾಗೇ ಎದ್ದ ಹಾಗೆ ಎದ್ದುಬಿಡಬೇಕಿತ್ತು. ಕಲ್ಲು ಸರಿಸಿ ಮೂವತ್ತು ನಲವತ್ತು ಬಿಂದಿಗೆ ಹೊರುವುದು ನನ್ನ ಸೊಂಟಕ್ಕೆ ಆಗದ ಮಾತು.

ಸಣ್ಣತಾಯಮ್ಮ ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ನನ್ನನ್ನು ಕಂಡು ಎದ್ದು, ಚಾಪೆ ಹಾಕಿ, ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ತಂದಿಟ್ಟಳು.

"ಮಿಷಿನ್ ಎದ್ದಿಲ್ವಾ ಅಯ್ನೋರೇ?" ಅಂದಳು.

"ನಿನಗ್ಯಾರು ಹೇಳಿದರು?"

"ಯಾರ್ ಯೇಳ್ಬೇಕು? ನೀರ್ ನಿಂತು ತಿಂಗ್ಳ್ ಮೇಲಾಯ್ತು. ಓದ್ ವರ್ಸ ಮಗಳ ಬಾಣಂತನ ಅಂತ ನಾನು ಇಪ್ಪತ್ ದಿವ್ಸ ಬರ್ನಿಲ್ವಲ್ಲ, ಆಗ್ಲೂ ನಿಮ್ ದೀಪ ಕೆಂಪಾಗಿತ್ತು. ನಾನ್ ಬಂದು ನಾಕ್ ದಿನ ನೀರುಯ್ದೆ, ಅಸ್ರಾಯ್ತು. ಕಸ ಗುಡ್ಸೋಳಿಗೆ ಕಣ್ಣಿರಾಕಿಲ್ವಾ?"

ಅದು ನನ್ನ ನೆನಪಿನಲ್ಲೂ ಇತ್ತು. ಆ ಸಲ ನಾನು ರಬ್ಬರಿನಿಂದ ಉಜ್ಜಿದ್ದಕ್ಕೇ ಸರಿಹೋಯಿತು ಅಂತ ಎಲ್ಲರ ಮುಂದೆ ಹೇಳಿಕೊಂಡಿದ್ದೆ.

"ಹಾಗಾದರೆ ಅದು ದೇವರು ಅಂತ ನೀನು..."

"ದ್ಯಾವ್ರಾ?" ಅವಳಿಗೆ ನಗು ಬಂತು. "ಆ ಗುಂಡಿಗೆ ಇದ್ಲು ಮಂಕ್ರಿ ಒತ್ತೋಳೇ ನಾನು ಕಣ್ರಪ್ಪ. ಉಪ್ಪು ಸುರ್ದೋಳೂ ನಾನೇ. ದ್ಯಾವ್ರಿಗೆ ಯಾರಾದ್ರೂ ಇದ್ಲು ತುಂಬ್ತಾರಾ? ನೀವ್ ಯೇಳಕ್ಕೆ ಬ್ಯಾಸ್ರ ಪಟ್ಕಂಡು ಅಂಗಂದ್ರಿ ಅಂತ ಅವತ್ತೇ ಗೊತ್ತಾಯ್ತು. ಓಗ್ಲಿ ಅಂತ ಸುಮ್ಕಾದೆ."

"ಮತ್ತೆ ಆ ಅರಿಸಿನ, ಕುಂಕುಮ?"

"ನಿಮ್ ಕಚೇರಿ ಗಂಡಸ್ರೆಲ್ಲ ಆ ಮರದ ಬುಡ್ದಲ್ಲೇ ಒಂದಕ್ಕೆ ನಿಂತ್ಕತಿದ್ರು. ಆಲಿಕೆ ಒಳಕ್ಕೆ ಎಲೆ ಅಡ್ಕೆ ಉಗೀತಿದ್ರು. ಬ್ಯಾಡಿ ಅಂದ್ರೆ ನನ್ ಮಾತ್ ಕೇಳೋರ್ಯಾರು? ಒಂದಿನ ಅರ್ಸ್ನ ಬಳ್ದೆ. ಮಾರ್ನೇ ದಿವ್ಸದಿಂದ ಒಬ್ಬ ಗಂಡ್ಸು ಅತ್ರಕ್ ಬರ್ನಿಲ್ಲ."

ನಾಲ್ಕು ವರ್ಷ ಅವಳನ್ನು ದಡ್ಡಿ ಅಂದುಕೊಂಡು ನಕ್ಕವನು ನಾನು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ಇದನ್ನ ಸಾಹೇಬರು ಕೇಳಿದಾಗ ಯಾಕೆ ಹೇಳಲಿಲ್ಲ ಸಣ್ಣತಾಯಮ್ಮ?"

"ನೀವ್ ಅಲ್ಲೇ ನಿಂತಿದ್ರಲ್ಲ. ನಾನ್ ಯೇಳುದ್ರೆ, ಅಯ್ನೋರು ಅವ್ರ್ ಕೆಲ್ಸವ ನನ್ ಕೈಲಿ ಮಾಡಿಸ್ತಾವ್ರೆ ಅಂತ ಚಾಡಿ ಯೇಳ್ದಂಗಾಯ್ತದೆ. ಗೊತ್ತಿರೋರು ನೀವು, ನೀವೇ ಬಾಯ್ ಬುಡ್ತೀರಿ ಅಂತ ನೋಡ್ದೆ." ಮೊರವನ್ನು ಒಮ್ಮೆ ಕೇರಿ ಹೊಟ್ಟು ಊದಿದಳು. "ಇವತ್ ಬತ್ತೀರಿ, ನಾಳೆ ಬತ್ತೀರಿ ಅಂತ ಕಾಯ್ತಾನೇ ಇವ್ನಿ. ಇವತ್ ಬಂದ್ರಿ. ಏನ್ ಬಂದದ್ದು?"

ನಾಳೆ ಬೆಳಗ್ಗೆ ಕಚೇರಿ ತೆರೆಯುವ ಮುಂಚೆ ಬಂದು ಸದ್ದಿಲ್ಲದೆ ನೀರು ಹುಯ್ದು ಹೋಗಬೇಕು ಎಂದು ಕೇಳಲು ಬಂದಿದ್ದೆ. ಕೇಳಿದೆ ಕೂಡ. ಆ ಮಾತಿಗೆ ನಾಲಗೆ ಹೇಗೆ ಹೊರಳಿತೋ ಗೊತ್ತಿಲ್ಲ.

"ಕದ್ದು ನೀರುಯ್ಯಕ್ಕೆ ನಾನೇನ್ ಕಳ್ಳಿನಾ?" ಅಂದಳು. ದನಿ ಏರಿಸಲಿಲ್ಲ. "ನಾನ್ ಬರಾಕಿಲ್ಲ. ನೀವೇ ಉಯ್ರಿ. ಎಲ್ರೂ ನೋಡಂಗೆ ಉಯ್ರಿ." ಆಮೇಲೆ, ನಾನು ಚಪ್ಪಲಿ ಮೆಟ್ಟುವಾಗ, "ಪಟ್ಟಿ ಓಯ್ತಾ ಅಯ್ನೋರೇ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ," ಅಂದೆ. ಅದು ನಿಜವೇ ಆಗಿತ್ತು. ಗೊತ್ತು ಮಾಡಿಕೊಳ್ಳಲು ಹೆದರಿ ಕೇಳಿರಲಿಲ್ಲ.

ಸೋಮವಾರ ಹತ್ತು ಗಂಟೆಗೆ, ಎಲ್ಲರೂ ಬಂದ ಮೇಲೆ, ಪಂಚೆ ಮೇಲಕ್ಕೆ ಕಟ್ಟಿ ಹಿತ್ತಿಲಿಗೆ ಹೋದೆ. ಹಾರೆಯಿಂದ ಚಪ್ಪಡಿ ಮೀಟಿದೆ. ಬಾವಿಯಿಂದ ಒಂದು ಬಿಂದಿಗೆ ತಂದು ಆಲಿಕೆಗೆ ಹುಯ್ದೆ. ನೆಲ ಗಟಗಟ ಕುಡಿಯಿತು. ಇನ್ನೊಂದು ತಂದೆ. ಐದನೆಯ ಬಿಂದಿಗೆಯ ಹೊತ್ತಿಗೆ ಅಂಕಯ್ಯ ಕಿಟಕಿಯಲ್ಲಿದ್ದ, ಏಳನೆಯದಕ್ಕೆ ಕಚೇರಿಯೆಲ್ಲ ಹೊರಗೆ ನಿಂತಿತ್ತು.

"ನೋಡ್ರಪ್ಪ, ಅಯ್ನೋರೇ ಅಮ್ಮಂಗೆ ಶರಣಾದ್ರು," ಎಂದು ಅಂಕಯ್ಯ ಅಂದ.

ಪುಟ್ಟರಾಜು ದಾಪುಗಾಲು ಹಾಕುತ್ತ ಬಂದರು. "ನೀವೂನಾ ಅಯ್ಯಂಗಾರ್ರೇ?" ಅಂದರು. ಅವರ ದನಿಯಲ್ಲಿ ಕೋಪಕ್ಕಿಂತ ನೋವು ಹೆಚ್ಚಾಗಿತ್ತು.

ಬಿಂದಿಗೆ ಕೆಳಗಿಟ್ಟೆ. ಸೊಂಟ ನೆಟ್ಟಗಾಗಲಿಲ್ಲ, ಬಗ್ಗಿಕೊಂಡೇ ಹೇಳಿದೆ. ಕೊಳವೆಯ ಕೆಳಗೆ ಏನಿದೆ, ಯಾರ ಕೆಲಸ, ಯಾಕೆ ಸುಳ್ಳು ಹೇಳಿದೆ, ಅರಿಸಿನ ಯಾಕೆ ಬಂತು, ಎಲ್ಲ. ಮೂಲೆ ಮಡಿಸಿದ ಪುಟ ತೋರಿಸಿದೆ. ಜೇಬಿನಲ್ಲಿದ್ದ ಬಲ್ಬನ್ನೂ ತೆಗೆದು ತೋರಿಸಿದೆ. ಅವರು ನಿಂತಲ್ಲೇ ಎರಡು ಸಲ ಆ ಪುಟ ಓದಿದರು. ಯಾರೂ ನಗಲಿಲ್ಲ. ಆಮೇಲೆ ಅವರು ಶರ್ಟಿನ ತೋಳು ಮಡಿಸಿ ಬಾವಿಯ ಹತ್ತಿರ ಹೋಗಿ ಹಗ್ಗ ಹಿಡಿದರು. ಅವರು ಸೇದಿದರು, ನಾನೂ ಅಂಕಯ್ಯನೂ ಹೊತ್ತೆವು.

ಮೂವತ್ತಾರು ಬಿಂದಿಗೆ. ಮಧ್ಯಾಹ್ನ ಬಲ್ಬು ಮುಟ್ಟಿಸಿದರೆ ಕಣ್ಣು ಚುಚ್ಚುವಷ್ಟು ಉರಿಯಿತು. ಹನ್ನೆರಡು ಸ್ವಿಚ್ಚು ಮೇಲೆ ಕೆಳಗೆ ಮಾಡಿ ಸುರುಳಿ ಕೊಟ್ಟೆ. ಹಸಿರು ದೀಪ ಹತ್ತಿತು. ಸಂತೋಷಪಡುವ ಶಕ್ತಿ ನನ್ನಲ್ಲಿರಲಿಲ್ಲ. ಪುಟ್ಟರಾಜು ಆ ದೀಪವನ್ನೇ ನೋಡುತ್ತ ಕೇಳಿದರು.

"ಅರ್ಥಿಂಗೇ ಅಂತ ನಿಮಗೆ ಖಚಿತ ಆಗಿದ್ದು ಯಾವತ್ತು?"

"ಗುರುವಾರ."

"ಶುಕ್ರವಾರ ಮೂರು ಗಂಟೆಗೆ ಸಣ್ಣತಾಯಮ್ಮನ ಹೆಸರಿನ ಮೇಲೆ ಗೀಟು ಎಳೆದು ಪಟ್ಟಿ ಕಳಿಸಿದೆ," ಅಂದರು. "ಎಳೆಯೋಕೆ ಮುಂಚೆ ನಿಮ್ಮನ್ನ ಕೇಳೋಣ ಅಂತಲೇ ಟೀ ತಂದಿದ್ದೆ."

ಅವರು ಆ ದಿನವೇ ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿದರು, ಎರಡು ಕಾಗದ ಬರೆದರು, ಒಮ್ಮೆ ತಾವೇ ಹೋಗಿಬಂದರು. ತಪ್ಪು ನನ್ನದು ಎಂದು ನಾನೂ ಬರೆದು ಸಹಿ ಹಾಕಿ ಕೊಟ್ಟೆ. ಪಟ್ಟಿ ಮುಗಿದಿದೆ, ಮುಂದಿನದು ಮೂರು ವರ್ಷಕ್ಕೆ ಎಂಬ ಉತ್ತರ ಬಂತು. ನನಗೆ ಒಂದು ಬಡ್ತಿ ನಿಂತಿತು. ಅದು ಏನೇನೂ ಅಲ್ಲ.

ಸಣ್ಣತಾಯಮ್ಮ ಮತ್ತೆ ಬಂದಳು, ದಿನಗೂಲಿಗೇ. ಬಂದ ದಿನ ಮೊದಲು ಹಿತ್ತಿಲಿಗೆ ಹೋಗಿ ಕೊಳವೆಗೆ ಅರಿಸಿನ ಬಳಿದಳು. ಪುಟ್ಟರಾಜು ಕಿಟಕಿಯಿಂದ ನೋಡಿ ತಲೆ ಒಳಗೆ ಎಳೆದುಕೊಂಡರು. ನಾನು ಬಿಂದಿಗೆ ಹಿಡಿದು ಅವಳ ಮುಂದೆ ನಿಂತೆ. ಪಟ್ಟಿಯ ವಿಷಯ ಹೇಳಿದೆ, ಗುರುವಾರದ ವಿಷಯ, ಶುಕ್ರವಾರದ ಟೀ ವಿಷಯ. ಒಂದನ್ನೂ ಬಿಡದೆ ಹೇಳಿದೆ. ಬಯ್ಯಲಿ ಅಂತ ಕಾದೆ.

ಅವಳು ಕೈಯ ಅರಿಸಿನವನ್ನು ಕೊಳವೆಗೇ ಒರೆಸಿಕೊಂಡಳು. ಸೆರಗಿನಿಂದ ಕಣ್ಣು ಒತ್ತಿಕೊಂಡಳು, ಒಂದೇ ಸಲ. ಆಮೇಲೆ ಬಗ್ಗಿ ಆಲಿಕೆಯೊಳಗೆ ನೋಡಿದಳು.

"ನಿಂತ್ಕಂಡ್ರೆ ಆಯ್ತದಾ ಅಯ್ನೋರೇ? ಉಯ್ರಿ," ಅಂದಳು. "ಇನ್ನೂ ಬ್ಯಾಸ್ಗೆ ಅದೆ. ಎರಡು ಬಿಂದ್ಗೆ ಸಾಲಾಕಿಲ್ಲ."